ರಾಜ್ಯವನ್ನು ಕಾಯ್ದ ತಾಯಿ



ಬೆಂಗಳೂರಿನಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡ ಬಡವರ ಮನೆಯ ಹೆಣ್ಣುಮಗಳನ್ನು ಬಂಧುಗಳು ಇಂದಿಗೂ ‘ವಾಣಿವಿಲಾಸ’ಕ್ಕೆ ಕರೆದೊಯ್ಯುತ್ತಾರೆ. ಅದು ಒಬ್ಬ ತಾಯಿಯ ಹೆಸರೆಂಬುದು ಆ ಆತುರದಲ್ಲಿ ಯಾರಿಗೆ ನೆನಪಾದೀತು? ಆ ಮಹಾತಾಯಿಯ ಜೀವಿತವನ್ನು ತಮ್ಮೊಡನೆ ಕೆಲವು ನಿಮಿಷ ಸ್ಮರಿಸುವುದೇ ಈ ಭಾಷಣದ ಉದ್ದೇಶ.

ಕಳಲೆಯ ಅರಸು ಮನೆತನದಲ್ಲಿ 1866ರಲ್ಲಿ ಜನಿಸಿದ ಕೆಂಪನಂಜಮ್ಮಣ್ಣಿಯವರು 1878ರಲ್ಲಿ, ಇನ್ನೂ ಬಾಲ್ಯದಲ್ಲಿಯೇ, ಚಾಮರಾಜೇಂದ್ರ ಒಡೆಯರವರ ಕೈಹಿಡಿದು ಮೈಸೂರು ಅರಮನೆಯನ್ನು ಸೇರಿದರು. 1894ರ ಡಿಸೆಂಬರ್ ತಿಂಗಳಲ್ಲಿ ಕಲ್ಕತ್ತೆಯಲ್ಲಿದ್ದ ಮಹಾರಾಜರು ಗಂಟಲುಮಾರಿ ರೋಗದಿಂದ ಅಲ್ಲಿಯೇ ಸ್ವರ್ಗಸ್ಥರಾದರು. ಮಹಾರಾಣಿಯವರಿಗೆ ಆಗ 28 ವರ್ಷ. ಹಿರಿಯ ಮಗ ಕೃಷ್ಣರಾಜ ಒಡೆಯರಿಗೆ 10, ಕಿರಿಯ ಮಗ ಕಂಠೀರವ ನರಸಿಂಹರಾಜ ಒಡೆಯರಿಗೆ 6.

ಆ ಕಾಲದಲ್ಲಿ ವೈಧವ್ಯವೆಂದರೆ ಹೆಣ್ಣಿನ ಪಾಲಿಗೆ ಲೋಕದ ಬಾಗಿಲು ಮುಚ್ಚಿದಂತೆಯೇ ಸರಿ. ಆದರೆ ಈ ತಾಯಿಗೆ ಮೂಲೆ ಹಿಡಿದು ಅಳುವುದಕ್ಕೂ ಅವಕಾಶವಿರಲಿಲ್ಲ. ಮಗನು ಪ್ರಾಪ್ತವಯಸ್ಕನಾಗುವ ತನಕ ರಾಜ್ಯದ ಹೊಣೆಯನ್ನು ರೀಜೆಂಟರಾಗಿ ಅವರು ಹೊರಬೇಕಾಯಿತು.

ಆ ವರ್ಷಗಳು ಸುಖದ ವರ್ಷಗಳಾಗಿರಲಿಲ್ಲ. 1897ರಲ್ಲಿ ಹಿರಿಯ ರಾಜಕುಮಾರಿಯವರ ವಿವಾಹದ ಸಂದರ್ಭದಲ್ಲಿಯೇ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಜನರು ಮನೆಮಠಗಳನ್ನು ಬಿಟ್ಟು ಬಯಲಿಗೆ ಓಡಿದರು. ಹೀಗಿದ್ದರೂ ಕೆಲಸಗಳು ನಿಲ್ಲಲಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರಲ್ಲಿ ತೆರೆಯಿತು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಮೊದಲಾಯಿತು. ಮುಂದೆ ಅದೇ ವಾಣಿವಿಲಾಸ ಸಾಗರವೆನಿಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇವೆಲ್ಲವನ್ನೂ ಅವರೊಬ್ಬರದೇ ಸಾಧನೆಯೆಂದು ಹೇಳಿದರೆ ದಿವಾನ್ ಶೇಷಾದ್ರಿ ಅಯ್ಯರವರಿಗೂ ಕಲ್ಲುಮಣ್ಣು ಹೊತ್ತ ಅಸಂಖ್ಯಾತ ಕೂಲಿಕಾರರಿಗೂ ಅನ್ಯಾಯ ಮಾಡಿದಂತಾದೀತು. ಆದರೆ ತಲೆಯ ಮೇಲಿನ ಭಾರವನ್ನು ಇಳಿಸದೆ, ಬಲ್ಲವರ ಮೇಲೆ ನಂಬಿಕೆಯಿಟ್ಟು ನಡೆಸುವುದೂ ಒಂದು ದೊಡ್ಡ ಗುಣವೇ. ತುಂಬಿದ ಸಂಸಾರವನ್ನು ನಡೆಸಿದ ಯಾವ ಗೃಹಿಣಿಯೂ ಇದನ್ನು ಬಲ್ಲಳು.

1902ರ ಆಗಸ್ಟ್ 8ರಂದು ಮಗನು ಅಧಿಕಾರವನ್ನು ವಹಿಸಿಕೊಂಡನು. ಅಧಿಕಾರವನ್ನು ಪಡೆಯುವುದಕ್ಕಿಂತ ಬಿಡುವುದು ಕಷ್ಟವೆಂಬುದನ್ನು ಚರಿತ್ರೆಯೇ ಹೇಳುತ್ತದೆ. ಇವರಾದರೋ, ಬೆಳೆದ ಮಗನ ಕೈಗೆ ಮನೆಯ ಬೀಗದ ಕೈಗಳನ್ನು ಕೊಟ್ಟ ತಾಯಿಯಂತೆ ರಾಜ್ಯವನ್ನು ಒಪ್ಪಿಸಿದರು. ಆ ಬಳಿಕ 32 ವರ್ಷ ಬಾಳಿದರು.

ಆದರೆ ದುಃಖವು ಅವರನ್ನು ಬಿಡಲಿಲ್ಲ. ಪತಿಯನ್ನು ಕೊಂಡೊಯ್ದುದು ಒಂದು ರೋಗ; ಮಗಳು ಕೃಷ್ಣಾಜಮ್ಮಣ್ಣಿಯವರನ್ನು ಕೊಂಡೊಯ್ದುದು ಮತ್ತೊಂದು, ಕ್ಷಯ. ಅರಮನೆಯ ಕಾವಲಾಗಲಿ ಬೊಕ್ಕಸದ ಹೊನ್ನಾಗಲಿ ರೋಗವನ್ನು ಹೊಸ್ತಿಲಲ್ಲಿ ತಡೆಯಲಾರದೆಂಬುದನ್ನು ಅವರಷ್ಟು ಕಹಿಯಾಗಿ ಅರಿತವರು ವಿರಳ. ಮೈಸೂರಿನಲ್ಲಿ ಆ ಮಗಳ ಹೆಸರಿನಲ್ಲಿ ಕ್ಷಯರೋಗದ ಆಸ್ಪತ್ರೆ ಎದ್ದಿತು. ತಾಯಿಯವರು 1934ರಲ್ಲಿ ದಿವಂಗತರಾದರು. ಮರುವರ್ಷವೇ ಬೆಂಗಳೂರಿನಲ್ಲಿ ಅವರ ಹೆಸರನ್ನು ಹೊತ್ತ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಬಾಗಿಲು ತೆರೆಯಿತು. ಮಗಳ ಹೆಸರಿನಲ್ಲೊಂದು, ತಾಯಿಯ ಹೆಸರಿನಲ್ಲೊಂದು: ಇವುಗಳಿಗಿಂತ ತಕ್ಕ ಸ್ಮಾರಕಗಳು ಇನ್ನಾವುವು?

ತನ್ನ ಮನೆಯ ದುಃಖವನ್ನು ಕಂಡವಳೇ ನೆರೆಮನೆಯ ದುಃಖವನ್ನು ಬಲ್ಲಳು. ಸಂಸಾರಸೇವೆ, ಸಮಾಜಸೇವೆ ಎಂದು ನಾವು ಬೇರೆ ಬೇರೆಯಾಗಿ ಎಣಿಸುವ ಎರಡು ಈ ತಾಯಿಯ ಬಾಳಿನಲ್ಲಿ ಒಂದೇ ಆಗಿದ್ದುವು. ಆ ಆಸ್ಪತ್ರೆಯಲ್ಲಿ ಕಣ್ತೆರೆಯುವ ಪ್ರತಿಯೊಂದು ಕೂಸೂ ಅರಿಯದೆಯೇ ಅವರ ಮಡಿಲಿಗೆ ಬಂದು ಸೇರುತ್ತದೆ.