ಮೋಡ ಇರೋದು ನೆಲದ ಮೇಲೆ

ಕ್ಲೌಡ್ ಅಂದಕೂಡಲೇ ಎಷ್ಟೋ ಜನ ಆಕಾಶದ ಕಡೆ ಕೈ ತೋರಿಸ್ತಾರೆ. ಮೇಲೆ ಏನೂ ಇಲ್ಲ ಸ್ವಾಮಿ. ಇರೋದೆಲ್ಲ ಕೆಳಗೇ, ದೊಡ್ಡ ದೊಡ್ಡ ಕಟ್ಟಡಗಳಲ್ಲಿ. ಸಾಲುಸಾಲು ಕಂಪ್ಯೂಟರ್‌ಗಳು, ಅವುಗಳನ್ನ ತಣ್ಣಗಿಡೋ ಯಂತ್ರಗಳು, ಕರೆಂಟ್ ಹೋದರೆ ಇರಲಿ ಅಂತ ಬ್ಯಾಟರಿಗಳು. ನಾವು ಅವನ್ನ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಬಳಸ್ತೀವಿ, ಅಷ್ಟೇ.

ಮಗಳ ಮದುವೆಗೆ ಸಾವಿರ ಜನರ ಅಡುಗೆ ಪಾತ್ರೆ ಯಾರಾದರೂ ಕೊಂಡುಕೊಳ್ತಾರಾ? ಶಾಮಿಯಾನದವರ ಹತ್ತಿರ ತರ್ತೀವಿ, ಮುಗಿದ ಮೇಲೆ ವಾಪಸ್ ಕೊಡ್ತೀವಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಟ್ಟಿಗೆ ವೆಬ್‌ಸೈಟ್ ತೆರೀತಾರೆ; ಮುಂದಿನ ವಾರ ಅದನ್ನ ಕೇಳೋರೇ ಇರಲ್ಲ. ಒಂದು ದಿನದ ನೂಕುನುಗ್ಗಲಿಗಾಗಿ ವರ್ಷವಿಡೀ ಯಂತ್ರ ಸಾಕೋದು ಯಾಕೆ? ಅಂಥ ಕಡೆ ಬಾಡಿಗೆ ಲೆಕ್ಕ ಸರಿಯಾಗಿದೆ. ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಇರೋದು "ಕ್ಲೌಡ್‌ಗೆ ಹಾಕಿದೀನಿ, ಇನ್ನು ಹೋಗಲ್ಲ" ಅನ್ನೋ ಧೈರ್ಯದ ಬಗ್ಗೆ. ದಕ್ಷಿಣ ಕೊರಿಯಾ ತಂತ್ರಜ್ಞಾನದಲ್ಲಿ ಎಷ್ಟು ಮುಂದಿದೆ, ನಿಮಗೇ ಗೊತ್ತು. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿಕೊಂಡಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಸ್ಥಗಿತವಾದವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಸುಟ್ಟೇಹೋಯಿತು. ಸುಮಾರು 858 ಟೆರಾಬೈಟ್ ಮಾಹಿತಿ! ಅದಕ್ಕೆ ಬೇರೆ ಊರಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ಯಾಕೆ ಅಂದ್ರೆ, ಮಾಹಿತಿ ತುಂಬಾ ದೊಡ್ಡದಾಗಿತ್ತಂತೆ! ಇದ್ಯಾವ ಸೀಮೆ ಉತ್ತರ ರೀ?

ಒಂದು ಸರ್ಕಾರದ ಗತಿಯೇ ಹೀಗಾದರೆ ನಮ್ಮ ಮನೆ ಫೋಟೋಗಳ ಕಥೆ? ಅಲ್ಲಿ ಬೆಂಕಿಯೇ ಬೀಳಬೇಕಿಲ್ಲ. ಬ್ಯಾಕಪ್ ಆಗಿರೋ ಫೋಟೋವನ್ನ ಫೋನ್‌ನಲ್ಲಿ ಜಾಗ ಇಲ್ಲ ಅಂತ ಗೂಗಲ್ ಫೋಟೋಸ್ ಆಪ್‌ನೊಳಗೆ ಡಿಲೀಟ್ ಮಾಡಿದರೆ ಕ್ಲೌಡ್‌ನಲ್ಲಿರೋದೂ ಹೋಗುತ್ತೆ. 60 ದಿನ ಕಸದ ಬುಟ್ಟಿಯಲ್ಲಿರುತ್ತೆ, ಆಮೇಲೆ ಸಿಗಲ್ಲ. ಒಂದೇ ಸಾಮಾನನ್ನ ಎರಡು ಕಿಟಕಿಯಿಂದ ನೋಡ್ತಾ ಎರಡು ಸಾಮಾನಿದೆ ಅಂದುಕೊಂಡ ಹಾಗೆ ಇದು.

ಇನ್ನೊಂದು ವಿಷಯ. ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಗಳನ್ನ ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ತೀರಿಕೊಂಡ ಅಪ್ಪನ ಖಾತೆಯನ್ನ ಯಾರು ತೆರೀತಾರೆ ಹೇಳಿ? ಅದರ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೆ ಗೊತ್ತಿರುತ್ತೆ? ಬ್ಯಾಂಕ್ ಖಾತೆಗೆ ನಾಮಿನಿ ಬರೆಸ್ತೀವಿ, ಇದಕ್ಕೆ ಬರೆಸಲ್ಲ. ಆ ವ್ಯವಸ್ಥೆ ಇಲ್ಲೂ ಇದೆ. ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಹುಡುಕಿ, ಮನೆಯವರ ಹೆಸರು ಸೇರಿಸಿ. ಮದುವೆ ಆಲ್ಬಮ್, ಆಸ್ತಿ ಪತ್ರದ ಸ್ಕ್ಯಾನ್, ಇಂಥವನ್ನ ಒಂದು ಹಾರ್ಡ್ ಡಿಸ್ಕ್‌ಗೂ ಹಾಕಿ ಬೀರುವಿನಲ್ಲಿಡಿ. ವರ್ಷಕ್ಕೊಂದು ಸಲ ತೆಗೆದು, ಫೈಲ್ ಓಪನ್ ಆಗುತ್ತಾ ಅಂತ ನೋಡಿ.