ಕಂತು ಓಡ್ತಿದೆ, ಲಾರಿ ನಿಂತಿದೆ

ಇವತ್ತು ವಿಧಾನಸೌಧದ ಮಾತು ಬೇಡ. ಒಂದು ಲಾರಿಯ ನಂಬರ್ ಪ್ಲೇಟ್ ಬಗ್ಗೆ ಮಾತಾಡೋಣ.

ಐವತ್ತು ಲಾರಿ ಇಟ್ಟುಕೊಂಡಿರೋ ಸಾಹುಕಾರರ ಕಥೆ ಬಿಡಿ. ಅವರಿಗೆ ಆರ್‌ಟಿಓ ಕೆಲಸಕ್ಕೆ ಅಂತಲೇ ಒಬ್ಬ ಮನುಷ್ಯ ಇರ್ತಾನೆ. ನಾನು ಹೇಳ್ತಿರೋದು, ವರ್ಷಗಟ್ಟಲೆ ಬೇರೆಯವರ ಗಾಡಿ ಓಡಿಸಿ, ಹೆಂಡತಿಯ ಒಡವೆ ಅಡವಿಟ್ಟು, ಸಾಲ ಮಾಡಿ ಸ್ವಂತಕ್ಕೊಂದು ಲಾರಿ ತಗೊಂಡ ಡ್ರೈವರ್ ಬಗ್ಗೆ. ಓನರ್ರೂ ಅವನೇ, ಡ್ರೈವರ್ರೂ ಅವನೇ, ಗುಮಾಸ್ತನೂ ಅವನೇ.

ಅವನು ಶೋರೂಮಿನಿಂದ ತರೋದು ಎಷ್ಟೋ ಸಲ ಬರೀ ಚಾಸಿಸ್. ಅದಕ್ಕೆ ತಾತ್ಕಾಲಿಕ ನೋಂದಣಿ, ಹಳದಿ ಹಲಗೆ ಮೇಲೆ ಕೆಂಪು ಅಕ್ಷರ. ಆ ನಂಬರಿನಲ್ಲಿ ಬಾಡಿ ಕಟ್ಟೋ ಶೆಡ್ಡಿಗೆ ಹೋಗಬಹುದು, ಬಾಡಿಗೆಗೆ ಹೋಗೋ ಹಾಗಿಲ್ಲ. ಬಾಡಿ ಆದ ಮೇಲೆ ನಮೂನೆ 20ರಲ್ಲಿ ಅರ್ಜಿ. ಜೊತೆಗೆ ನಮೂನೆ 21 ಅಂದರೆ ಮಾರಾಟದ ಪತ್ರ, ನಮೂನೆ 22 ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನೋ ಕಂಪನಿಯ ಪತ್ರ, ಇನ್ಶೂರೆನ್ಸ್, ಸಾಲದ ಕಾಗದ. ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಚಾಸಿಸ್ ನಂಬರ್, ಬಾಡಿಯ ಅಳತೆ ನೋಡಬೇಕು. ಟ್ಯಾಕ್ಸ್ ಕಟ್ಟಬೇಕು. ಎಫ್‌ಸಿ ಆಗಬೇಕು, ಹೊಸ ಗಾಡಿಗೆ ಅದು ಎರಡು ವರ್ಷಕ್ಕೆ. ಆಮೇಲೆ ಹಳದಿ ಮೇಲೆ ಕಪ್ಪು ಅಕ್ಷರದ ಎಚ್‌ಎಸ್‌ಆರ್‌ಪಿ ಪ್ಲೇಟ್.

ಪ್ಲೇಟ್ ಬಂತು, ಇನ್ನು ಲೋಡ್ ಹಾಕೋಣ ಅಂದ್ರೆ, ತಡೀರಿ ಸ್ವಾಮಿ! ಲೋಡು ಸೇರಿ ಒಟ್ಟು ತೂಕ 3,000 ಕಿಲೋ ದಾಟಿದ ಗಾಡಿಗೆ ಪರ್ಮಿಟ್ ಬೇಕು. ರಾಜ್ಯದ ಗಡಿ ದಾಟಬೇಕಾದರೆ ನ್ಯಾಷನಲ್ ಪರ್ಮಿಟ್ ಬೇಕು.

ಇದೆಲ್ಲ ಬೇಡ ಅಂತ ನಾನು ಹೇಳಲ್ಲ. ಬ್ರೇಕ್ ಸರಿಯಿಲ್ಲದ ಲಾರಿ ನನ್ನ ನಿಮ್ಮ ಮಕ್ಕಳ ಸ್ಕೂಲ್ ವ್ಯಾನಿನ ಪಕ್ಕದಲ್ಲೇ ಹೋಗುತ್ತೆ. ಪರೀಕ್ಷೆ ಆಗಲೇಬೇಕು. ಆದರೆ ಅದಕ್ಕೊಂದು ದಿನದ ಲೆಕ್ಕ ಬೇಡವೇ?

ತಿಂಗಳ ಕಂತು 60,000 ರೂಪಾಯಿ ಅಂದುಕೊಳ್ಳಿ. ಗಾಡಿ ನಿಂತ ಪ್ರತಿ ದಿನಕ್ಕೆ 2,000 ರೂಪಾಯಿ ಹೋಯ್ತು. ಮನೆ ಖರ್ಚು ಬೇರೆ. ನಮ್ಮಲ್ಲಿ ಸಕಾಲ ಕಾಯ್ದೆ ಇದೆ, 2011ರದ್ದು. ಹೇಳಿದ ಗಡುವಿನೊಳಗೆ ಸೇವೆ ಕೊಡದಿದ್ದರೆ ಜನರಿಗೆ ಪರಿಹಾರ ಕೊಡಬೇಕು ಅನ್ನುತ್ತೆ. ಎಷ್ಟು ಗೊತ್ತಾ? ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ನನಗೆ ಸಿಟ್ಟು ಬರೋದು ಇಲ್ಲಿ. ಅವನ ನಷ್ಟ 2,000, ಸರ್ಕಾರದ ಸಮಾಧಾನ 20!

ಇಂಥ ಹೊತ್ತಲ್ಲೇ ಯಾರೋ ಕಿವಿಯಲ್ಲಿ ಊದ್ತಾರೆ: 'ಪರ್ಮಿಟ್ ಆಮೇಲೆ ಬರುತ್ತೆ, ಒಂದು ಟ್ರಿಪ್ ಹೊಡಿಯಪ್ಪಾ'. ಹೊಡೀಬೇಡಿ ಅಣ್ಣಂದಿರೇ. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ಇನ್ನೂ ಕಷ್ಟ. ಪರ್ಮಿಟ್ ಇಲ್ಲದ ಲಾರಿಯ ಪ್ರಕರಣವೊಂದರಲ್ಲಿ, ಇನ್ಶೂರೆನ್ಸ್ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಟ್ರಿಪ್ಪಿಗೆ ಲಾರಿಯೂ ಹೋಗುತ್ತೆ, ಮನೆಯೂ ಹೋಗುತ್ತೆ.

ಹಾಗಾಗಿ ಅರ್ಜಿ ಕೊಟ್ಟಾಗ ಸಕಾಲ ನಂಬರ್ ಕೇಳಿ ಪಡೀರಿ. ಗಡುವು ಯಾವತ್ತು ಅಂತ ಬರೆದಿಟ್ಕೊಳ್ಳಿ. ಗಡುವು ದಾಟಿದರೆ ಮೇಲ್ಮನವಿ ಹಾಕಿ. 20 ರೂಪಾಯಿಗೋಸ್ಕರ ಅಲ್ಲ, ತಡ ಆಯ್ತು ಅನ್ನೋದು ದಾಖಲೆಯಲ್ಲಿ ಇರಲಿ ಅಂತ.

ಸರ್ಕಾರಕ್ಕೆ ನಾನು ಕೇಳೋದು ಇಷ್ಟೇ. ಒಂದೇ ಲಾರಿ ಇರೋನಿಗೆ ನೋಂದಣಿ, ಎಫ್‌ಸಿ, ಪರ್ಮಿಟ್ ಮೂರೂ ಒಂದೇ ಕಿಟಕಿಯಲ್ಲಿ, ಒಂದೇ ದಿನ ಮುಗಿಸಿಕೊಡಿ. ಫೈಲ್ ನಿಂತರೆ ನಿಮ್ಮ ಸಂಬಳ ನಿಲ್ಲಲ್ಲ. ಲಾರಿ ನಿಂತರೆ ಅವನ ಮನೆ ಒಲೆ ನಿಲ್ಲುತ್ತೆ.