ಸಂಸಾರಿ ಪಾದ್ರಿ: ಮುಗಿಯದ ಚರ್ಚೆ

(ಭಾಷಣದ ಲಿಖಿತ ರೂಪ)



ಬ್ರೆಜಿಲ್‌ನ ಅಮೆಜಾನ್ ಕಾಡಿನಲ್ಲಿ ಶಿಂಗು ಎಂಬ ಧರ್ಮಪ್ರಾಂತವಿದೆ. ಅಲ್ಲಿ ಬಿಷಪ್ ಆಗಿದ್ದ ಎರ್ವಿನ್ ಕ್ರೊಯ್ಟ್ಲರ್ 2014ರಲ್ಲಿ ಒಂದು ಲೆಕ್ಕ ಕೊಟ್ಟರು: ಭಕ್ತರು ಏಳು ಲಕ್ಷ, ಪಾದ್ರಿಗಳು 27. ಎಷ್ಟೋ ಹಳ್ಳಿಗಳಿಗೆ ಪಾದ್ರಿ ಬರುವುದು ವರ್ಷಕ್ಕೆ ಎರಡೋ ಮೂರೋ ಸಲ.

ಪಾದ್ರಿ ಬಾರದಿದ್ದರೇನು, ಊರಿನವರೇ ಪ್ರಾರ್ಥಿಸಬಾರದೆ ಎಂದು ನೀವು ಕೇಳಬಹುದು. ಪ್ರಾರ್ಥಿಸುತ್ತಾರೆ, ಬಹಳ ಕಡೆ ಹೆಂಗಸರೇ ಮುಂದೆ ನಿಂತು ನಡೆಸುತ್ತಾರೆ. ಆದರೆ ಬಲಿಪೂಜೆ ಅರ್ಪಿಸಲು, ಪಾಪನಿವೇದನೆ ಕೇಳಿ ಕ್ಷಮೆ ನೀಡಲು ದೀಕ್ಷೆ ಪಡೆದ ಪಾದ್ರಿಯೇ ಬೇಕೆಂಬುದು ಕ್ಯಾಥೊಲಿಕ್ ನಂಬಿಕೆ. ಪಾದ್ರಿ ಬರುವಷ್ಟರಲ್ಲಿ ಹಾಸಿಗೆ ಹಿಡಿದವರು ತೀರಿಕೊಂಡರೆ ಅಂತಿಮ ಸಂಸ್ಕಾರವೂ ಇಲ್ಲ.

ಹಾಗಿದ್ದರೆ ಊರಿನ ಮರ್ಯಾದಸ್ಥ ಸಂಸಾರಿಗೇ ದೀಕ್ಷೆ ಕೊಡಬಾರದೇಕೆ? ಚರ್ಚೆ ಹುಟ್ಟುವುದು ಇಲ್ಲಿ.

ಯೇಸು ಸಂತ ಪೀಟರನ ಅತ್ತೆಯ ಜ್ವರ ವಾಸಿಮಾಡಿದ ಪ್ರಸಂಗ ಸುವಾರ್ತೆಯಲ್ಲಿದೆ. ಅಂದರೆ ಮೊದಲ ಪೋಪ್ ಎನಿಸಿಕೊಂಡವನೇ ಮದುವೆಯಾದವನು. ಪಾಶ್ಚಾತ್ಯ ಚರ್ಚಿನಲ್ಲಿ ಕಟ್ಟಳೆ ಕ್ರಮೇಣ ಬಿಗಿಯಾಯಿತು. ಚರ್ಚಿನ ಆಸ್ತಿ ಪಾದ್ರಿಗಳ ಮಕ್ಕಳ ಪಾಲಾದೀತೆಂಬ ಆತಂಕವೂ ಇದಕ್ಕೊಂದು ಕಾರಣ. 1139ರ ಎರಡನೆಯ ಲ್ಯಾಟೆರನ್ ಮಹಾಸಭೆ ಪಾದ್ರಿಗಳ ಮದುವೆಯನ್ನೇ ಅಸಿಂಧುವೆಂದಿತು. ಆದರೆ ಪೋಪರನ್ನೇ ಒಪ್ಪುವ ಉಕ್ರೇನ್, ಲೆಬನಾನ್‌ಗಳ ಪೌರಸ್ತ್ಯ ಚರ್ಚುಗಳಲ್ಲಿ ಸಂಸಾರಿಗಳು ಇಂದಿಗೂ ಪಾದ್ರಿಗಳಾಗುತ್ತಾರೆ. ಅಲ್ಲೂ ಮದುವೆ ದೀಕ್ಷೆಗೆ ಮೊದಲೇ ಆಗಿರಬೇಕು. ಬಿಷಪ್ ಮಾತ್ರ ಬ್ರಹ್ಮಚಾರಿ. ಆದ್ದರಿಂದ ಇದು ಬದಲಿಸಬಹುದಾದ ಶಿಸ್ತು, ಬದಲಿಸಲಾಗದ ಧರ್ಮತತ್ತ್ವವಲ್ಲ. ಇದನ್ನು ರೋಮ್ ಕೂಡ ಅಲ್ಲಗಳೆಯುವುದಿಲ್ಲ.

ವಿರೋಧಿಗಳ ವಾದವೂ ಹಗುರವಲ್ಲ. ಮನೆಮಠದ ಹಂಗಿಲ್ಲದವನು ಎಲ್ಲರಿಗೂ ಸಲ್ಲುತ್ತಾನೆ, ಕರೆದಲ್ಲಿಗೆ ಹೋಗುತ್ತಾನೆ ಎನ್ನುತ್ತಾರೆ ಅವರು. ಬಡ ಹಳ್ಳಿಯೊಂದು ಪಾದ್ರಿಯ ಹೆಂಡತಿ ಮಕ್ಕಳನ್ನು ಸಾಕುವುದು ಹೇಗೆಂಬ ಪ್ರಶ್ನೆಯೂ ಇದೆ. 1967ರಲ್ಲಿ ಪೋಪ್ ಆರನೆಯ ಪಾಲ್ ಬ್ರಹ್ಮಚರ್ಯದ ನಿಯಮವನ್ನೇ ಎತ್ತಿಹಿಡಿದರು.

2019ರ ಅಕ್ಟೋಬರ್‌ನಲ್ಲಿ ಅಮೆಜಾನ್ ಸಿನೊಡ್ ರೋಮ್‌ನಲ್ಲಿ ಸೇರಿತು. ಕಾಯಂ ಡೀಕನ್‌ರಾಗಿ ಸೇವೆ ಸಲ್ಲಿಸಿದ ಯೋಗ್ಯ ಸಂಸಾರಿಗಳಿಗೆ ದೂರದ ಪ್ರದೇಶಗಳಲ್ಲಿ ಪಾದ್ರಿ ದೀಕ್ಷೆ ನೀಡಬಹುದೆಂಬ ಸಲಹೆಗೆ 128 ಮತ ಬಿದ್ದವು, ವಿರೋಧ 41. ಆದರೆ 2020ರ ಫೆಬ್ರವರಿಯಲ್ಲಿ ಹೊರಬಂದ ಪೋಪ್ ಫ್ರಾನ್ಸಿಸ್ ಅವರ ಪತ್ರದಲ್ಲಿ ಈ ಸಲಹೆಯ ಸುದ್ದಿಯೇ ಇರಲಿಲ್ಲ. ಅಮೆಜಾನ್‌ಗೆ ಹೆಚ್ಚು ಧರ್ಮಪ್ರಚಾರಕರನ್ನು ಕಳಿಸಿ ಎಂದು ಅವರು ಬಿಷಪ್‌ರನ್ನು ಕೇಳಿಕೊಂಡರು. ಆ ಪ್ರದೇಶದ ಕೆಲವು ದೇಶಗಳಿಂದ ಯುರೋಪು, ಅಮೆರಿಕಗಳಿಗೆ ಹೋಗುವವರೇ ಹೆಚ್ಚೆಂದು ಅಡಿಟಿಪ್ಪಣಿಯಲ್ಲಿ ನೆನಪಿಸಿದರು.

ಈ ಮಾತು ನಮಗೂ ತಾಗುತ್ತದೆ. ಕೇರಳದಿಂದ, ನಮ್ಮ ಕರಾವಳಿಯಿಂದ ಹೋದ ಪಾದ್ರಿಗಳು ಯುರೋಪಿನ ಚರ್ಚುಗಳಲ್ಲಿ ಪೂಜೆ ಸಲ್ಲಿಸುತ್ತಿದ್ದಾರೆ. ಉಳ್ಳವರ ಕೊರತೆಯನ್ನು ಹೊರಗಿನವರು ಬಂದು ತುಂಬುತ್ತಾರೆ. ಕಾಡಿನ ಹಳ್ಳಿಯ ಕೊರತೆ ಹಾಗೆಯೇ ಉಳಿಯುತ್ತದೆ.

2025ರಲ್ಲಿ ಪೋಪ್ ಆದ ಹದಿನಾಲ್ಕನೆಯ ಲಿಯೊ ಪೆರುವಿನಲ್ಲಿ ವರ್ಷಗಟ್ಟಲೆ ದುಡಿದವರು. ಬ್ರಹ್ಮಚರ್ಯದ ನಿಯಮ ದೊಡ್ಡದೋ, ಭಕ್ತನಿಗೆ ಸಂಸ್ಕಾರ ಸಿಗುವುದು ದೊಡ್ಡದೋ ಎಂಬ ಪ್ರಶ್ನೆ ಈಗ ಅವರ ಮುಂದಿದೆ.